ಕಾಟಿ ತೋರಿಸಿದ ಅಕ್ಕೋರು

ಅಕ್ಕೋರ ಪಾದಗಳು ದೊಡ್ಡವು. ಭಾಲ್ಕಿಯ ಬಜಾರದಲ್ಲಿ ಅವರ ಅಳತೆಗೆ ಹೆಂಗಸರ ಚಪ್ಪಲಿ ಸಿಗುತ್ತಿರಲಿಲ್ಲ. ಮೋಚಿಗೆ ಹೇಳಿ ಗಂಡಸರ ಚಪ್ಪಲಿಯನ್ನೇ ಹೊಲಿಸಿಕೊಂಡು, ಸೀರೆಯ ಕೆಳಗೆ ಅದನ್ನು ಮೆಟ್ಟಿ ಚಟಚಟ ಸದ್ದು ಮಾಡುತ್ತ ಬರುತ್ತಿದ್ದರು. ಯಾರಾದರೂ ನಕ್ಕರೆ, "ಕಾಲು ನನ್ನವರಿ, ನಗಿ ನಿಮ್ದರಿ" ಎಂದು ಮುಂದೆ ಹೋಗುತ್ತಿದ್ದರು.

ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದ್ದ ಅಕ್ಕೋರು ಹೊಸ ಕನ್ನಡ ಪುಸ್ತಕವನ್ನು ನಮಗಿಂತ ಒಂದೇ ಪಾಠ ಮುಂದೆ ಓದಿಕೊಂಡು ಬರುತ್ತಿದ್ದರು. ತಪ್ಪಾದರೆ ಮರುದಿನ ಬಂದವರೇ, "ನಿನ್ನಿ ಹೇಳಿದ್ದು ಅಳಸ್ರಿ. ನನಗ ತಿಳಿದಿದ್ದಿಲ್ಲ" ಅನ್ನುತ್ತಿದ್ದರು. ಬೇರೆ ಯಾವ ಮಾಸ್ತರರ ಬಾಯಲ್ಲೂ ಆ ಮಾತನ್ನು ನಾನು ಕೇಳಲಿಲ್ಲ.

ಒಂದು ದಿನ ರಾಜ್ಯದ ದಕ್ಷಿಣ ತುದಿಯ ಬೆಟ್ಟಗಳ ಪಾಠ ಬಂತು. ಅಲ್ಲಿನ ವನ್ಯಮೃಗಧಾಮದಲ್ಲಿ ಅಪರೂಪದ ಕಾಡುಕೋಣಗಳಿವೆ ಎಂದು ಬರೆದಿತ್ತು. ಅಕ್ಕೋರು ಪುಸ್ತಕ ಮುಚ್ಚಿ, "ನಾನೇ ಅಂಥಾ ಗುಡ್ಡ ನೋಡಿಲ್ಲ, ನಿಮಗೇನ್ ಹೇಳ್ಲಿ? ನೋಡಿ ಬರೂಣು ನಡೀರಿ" ಅಂದರು.

ಎಂಟು ಹುಡುಗಿಯರ ಮನೆಗೆ ತಾವೇ ಹೋಗಿ ಹಿರಿಯರನ್ನು ಒಪ್ಪಿಸಿದರು. ನಮ್ಮಪ್ಪ ಮಾತ್ರ ಜಿಗುಟು ಆಸಾಮಿ. ಏಳನೆಯ ಇಯತ್ತೆಗೆ ನನ್ನ ಓದು ಸಾಕೆಂದು ಆಗಲೇ ಗೊಣಗುತ್ತಿದ್ದ. "ಕರ್ಕೊಂಡು ಹೋಗ್ರಿ. ಆದ್ರ ಹುಡುಗಿ ಮೈಗಿ ಒಂದು ಗಾಯ ಆಗಿ ಬಂತಂದ್ರ, ಸಾಲಿ ಅವತ್ತಿಗೇ ಬಂದ್" ಅಂದ. ಅಕ್ಕೋರು ಹೂಂ ಅಂದರು. ನನಗೆ ಕೋಣ ನೋಡುವ ಆಸೆಗಿಂತ ಓದುವ ಆಸೆ ದೊಡ್ಡದಿತ್ತು. ಹೋಗದಿದ್ದರೆ ಒಳ್ಳೆಯದಿತ್ತೇನೋ ಎಂದೂ ಅನ್ನಿಸಿತು.

ರೈಲು, ಬಸ್ಸು, ಮತ್ತೆ ಬಸ್ಸು. ತಲುಪಿದ ಮರುದಿನ ಮುಂಜಾನೆ ಮಂಜಿನಲ್ಲಿ ನಡುಗುತ್ತ ಬೆಟ್ಟದ ಓರೆಯಲ್ಲಿ ಕೂತೆವು. "ಕಾಟಿ ಬರ್ತವೆ. ಉಸಿರೂ ಜೋರಾಗಿ ಬಿಡಬೇಡ್ರಮ್ಮಾ" ಎಂದು ಜೊತೆಗೆ ಬಂದಿದ್ದ ಕಾಡಿನ ಕಾವಲುಗಾರ ಪಿಸುಗುಟ್ಟಿದ. ಆ ಕಡೆ ಕಾಡುಕೋಣಕ್ಕೆ ಕಾಟಿ ಅನ್ನುತ್ತಾರೆ. ಬಂದವು, ಐದಾರು. ಕರ್ರಗಿನ ಮೈ, ಬಿಳಿಯ ಕಾಲುಚೀಲ ಹಾಕಿದಂಥ ಕಾಲು. ಅಕ್ಕೋರು ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಅವು ಹುಲ್ಲಿಗೆ ಬಾಯಿ ಹಾಕಿದ್ದೇ ತಡ, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬುದ್ಧಿ ಬಂದಾಗಿನಿಂದ ಹೊಲದ ಅಟ್ಟದ ಮೇಲೆ ಕೂತು, ತೊಗರಿ ಮೇಯಲು ಬರುವ ಚಿಗರಿಗಳನ್ನು ಓಡಿಸಿದವಳು ನಾನು. ಎದ್ದು ನಿಂತು, ಚಪ್ಪಾಳೆ ತಟ್ಟಿ, "ಹೋ ಹೋ" ಎಂದು ಕೂಗಿಬಿಟ್ಟೆ.

ಚಿಗರಿಯಾದರೆ ಓಡುತ್ತದೆ. ಕಾಟಿ ತಿರುಗಿ ನಿಂತಿತು. ಬುಸ್ಸೆಂದು ನಾಲ್ಕು ಹೆಜ್ಜೆ ನಮ್ಮ ಕಡೆಗೇ ಬಂತು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ನಾನು ಎಡವಿ ಕಲ್ಲಿನ ಮೇಲೆ ಬಿದ್ದು ಹಣೆ ಒಡೆದುಕೊಂಡೆ. ಬಂದು ಎತ್ತಿಕೊಂಡವರು ಅಕ್ಕೋರು, ಬರಿಗಾಲಿನಲ್ಲಿ. ಅಷ್ಟರಲ್ಲಿ ಕಾಟಿಗಳು ತಾವಾಗಿಯೇ ಕಾಡಿಗೆ ಇಳಿದಿದ್ದವು. ನಾನು ಬಿಕ್ಕಿ ಬಿಕ್ಕಿ ಅತ್ತೆ. ನೋವಿಗಲ್ಲ, ಶಾಲೆ ಹೋಯಿತಲ್ಲ ಎಂದು.

ವಾಪಸು ಬರುವಾಗ ಗೆಳತಿಯರು, ರೈಲಿನ ಬಾಗಿಲು ಬಡಿಯಿತೆಂದು ಹೇಳೋಣ ಅಂದರು. ಅಕ್ಕೋರು, "ಸುಳ್ಳು ಹೇಳಿ ಸಾಲಿ ಕಲಿಯೂದು ಬ್ಯಾಡ" ಅಂದರು. ಅವರ ಮೇಲೆ ನನಗೆ ಆಗ ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ.

ಭಾಲ್ಕಿ ಸ್ಟೇಷನ್ನಿನಲ್ಲಿ ಅಪ್ಪನ ಕಣ್ಣು ನೇರ ಹಣೆಯ ಪಟ್ಟಿಗೇ ಬಿತ್ತು. "ಇದೇನ್ರಿ?"

ಅಕ್ಕೋರು ನಡೆದದ್ದನ್ನೆಲ್ಲ ಹೇಳಿದರು. ಆಮೇಲೆ, "ಇನ್ನೊಂದು ಮಾತದರಿ. ಎಲ್ಲಾರಕಿಂತ ಮೊದಲ ಓಡಿದಾಕಿ ನಾನು. ಹುಡುಗ್ಯಾರನ್ನ ಬಿಟ್ಟು ಓಡೀನಿ. ಇಪ್ಪತ್ತು ಹೆಜ್ಜಿ ಹೋದ ಮ್ಯಾಲ ನೆನಪಾಗಿ ಹೊಳ್ಳಿ ಬಂದೀನಿ" ಅಂದರು.

ಅದನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಗಾಬರಿಯಲ್ಲಿ ನಾವ್ಯಾರೂ ನೋಡಿಯೂ ಇರಲಿಲ್ಲ.

ಅಪ್ಪ ನನ್ನ ಹಣೆಯ ಪಟ್ಟಿ ಮುಟ್ಟಿ ನೋಡಿದ. "ನಾ ಇದ್ರೂ ಓಡ್ತಿದ್ದೆರಿ" ಅಂದ. "ಹೊಳ್ಳಿ ಬರ್ತಿದ್ನೋ ಇಲ್ಲೋ." ಆಮೇಲೆ ನನ್ನ ಗಂಟು ಎತ್ತಿಕೊಂಡು, "ನಾಳಿ ಸಾಲಿಗಿ ತಡಾ ಮಾಡಬ್ಯಾಡ" ಅಂದ.

ಮುಂದೆ ನಾನು ಮೆಟ್ರಿಕ್ ಮುಗಿಸಿದೆ, ನೌಬಾದದಲ್ಲಿ ಶಿಕ್ಷಕಿಯಾದೆ. ಅಕ್ಕೋರು ತೀರಿಕೊಂಡ ಸುದ್ದಿ ಬಂದಾಗ ಪಾಠ ನಿಲ್ಲಿಸಿ ಭಾಲ್ಕಿಯ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಹಣ್ಣುಮುದುಕನಾಗಿದ್ದ ಅಪ್ಪ ನನಗಿಂತ ಮೊದಲೇ ಬಂದು ಅವರ ಬಾಗಿಲಲ್ಲಿ ಕೂತಿದ್ದ. ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ನನ್ನ ಮಗಳ ಸಾಲಿ ನಾ ಬಿಡಿಸ್ತಿದ್ದೆರಿ. ಇವರು ಬಿಡಸಗೊಡಲಿಲ್ಲ."