ಕಾಕಾ ಬಾಯಿ ಮುಚ್ಚಿಸಿದ ಮಶೀನು

ಕಾಕಾರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆಯುತ್ತಿತ್ತು. ವಯಸ್ಸಿನಲ್ಲಿದ್ದಾಗ ಲೈನ್ ಪ್ರಿಂಟರಿನ ಮುಚ್ಚಳ ಬಿದ್ದು ಆದ ಗಾಯವಂತೆ. ಆ ಉಗುರನ್ನು ಕಾಗದದ ಮೇಲೆ ಸಾಲು ಸಾಲಾಗಿ ಇಳಿಸುತ್ತಾ ಓದುವಾಗ ಕರಕರ ಸದ್ದು ಬರುತ್ತಿತ್ತು. ತಪ್ಪು ಸಿಕ್ಕ ಕಡೆ ಸದ್ದು ನಿಲ್ಲುತ್ತಿತ್ತು. ನಿಂತ ಕೂಡಲೇ ನಾನು ಬಗ್ಗಿ ನೋಡುತ್ತಿದ್ದೆ, ಏಕೆಂದರೆ ಅವರು ಓದುತ್ತಿದ್ದದ್ದು ನಾನು ಬರೆದ ಪ್ರೋಗ್ರಾಮನ್ನು.

ಈ ಹಿಮದ ದೇಶಕ್ಕೆ ಬಂದಮೇಲೆ ರಿಚ್ಮಂಡ್ ಹಿಲ್‌ನಲ್ಲಿ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಅವರು ಧಾರವಾಡದವರು, ನಾನು ಉಡುಪಿ ಕಡೆಯವಳು. ಮೊದಲ ವಾರ ಬಾಯಿತಪ್ಪಿ ಅಂಕಲ್ ಎಂದಿದ್ದೆ. "ಅಂಕಲ್ ಅನ್ನಬ್ಯಾಡ ತಂಗಿ, ಇಲ್ಲಿ ಎಲ್ಲಾರೂ ಎಲ್ಲಾರಿಗೂ ಅಂಕಲ್. ಕಾಕಾ ಅನ್ನು," ಎಂದರು. ಅವರ ಹೆಂಡತಿ ತಾನಾಗಿಯೇ ಕಾಕು ಆದರು.

ಕಾಕಾ ನಾರ್ತ್ ಯಾರ್ಕಿನ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಕೋಣೆ ತುಂಬುವಂಥ ಮೇನ್‌ಫ್ರೇಮ್ ಕಂಪ್ಯೂಟರುಗಳಿಗೆ ಪ್ರೋಗ್ರಾಮು ಬರೆದು ನಿವೃತ್ತರಾದವರು. ನೆಲದಡಿಯ ಸುರಂಗಗಳಲ್ಲಿ ಆವಿಯ ಪೈಪುಗಳು ದೊಡ್ಡ ಕಟ್ಟಡಗಳಿಗೆ ಬಿಸಿ ಒಯ್ಯುತ್ತವಲ್ಲ, ಅವುಗಳ ಯಾವ ಬೆಸುಗೆ ಒಡೆಯುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಈ ವರ್ಷ ಯಾವ ಯಾವ ಬೆಸುಗೆಯನ್ನು ಪರೀಕ್ಷಿಸಬೇಕೆಂದು ಪಟ್ಟಿ ಕೊಡುವ ಪ್ರೋಗ್ರಾಮು ಅವರದು. ಅವರು ಬಿಟ್ಟು ಬಂದಮೇಲೂ ಅದು ಹಾಗೇ ಓಡುತ್ತಿತ್ತು. ಕೊನೆಗೂ ಅದನ್ನು ಹೊಸ ಕಂಪ್ಯೂಟರಿಗೆ ಸಾಗಿಸಲು ಆಫೀಸು ಹೊರಟಾಗ, ಆ ಕೆಲಸಕ್ಕೆ ಅಲ್ಲಿನ ಹಳೆಯ ಗೆಳೆಯರೊಬ್ಬರ ಬಳಿ ನನ್ನ ಹೆಸರು ಹೇಳಿದವರು ಕಾಕಾ; ನನ್ನ ಮ್ಯಾನೇಜರಿಗೆ ಅದು ಗೊತ್ತಿರಲಿಲ್ಲ. ಆಗ ನಾನು ಕೆಲಸವಿಲ್ಲದೆ ಎರಡು ತಿಂಗಳಿಂದ ಗೋಡೆ ನೋಡುತ್ತಾ ಕೂತಿದ್ದೆ.

ಅವರಿಗೆ 'ಸ್ವಲ್ಪ' ಎಂಬ ಮಾತು ಕಂಡರಾಗುತ್ತಿರಲಿಲ್ಲ. ಕಾಕು "ಸ್ವಲ್ಪ ಚಟ್ನಿ ಹಾಕ್ಲೇನು?" ಎಂದರೆ "ಸ್ವಲ್ಪ ಅಂದ್ರ ಎಷ್ಟು?" ಎನ್ನುವರು. ಕಾಕು ಉತ್ತರ ಹೇಳದೆ ಒಂದು ದೊಡ್ಡ ಚಮಚ ಶೇಂಗಾ ಚಟ್ನಿ ರೊಟ್ಟಿಯ ಮೇಲೆ ಸುರಿದು ಒಳಗೆ ಹೋಗುವರು.

ಹಳೆಯ ಪ್ರೋಗ್ರಾಮು ನನಗೆ ಅರ್ಥವಾಗದಿದ್ದಾಗ ಅದೇ ಊಟದ ಮೇಜಿನ ಮೇಲೆ ಪಾಠ ನಡೆಯುತ್ತಿತ್ತು. ಕಂಪ್ಯೂಟರು ಒಂದು ಸಂಖ್ಯೆಯನ್ನು ಎರಡು ಭಾಗ ಮಾಡಿ ಇಟ್ಟುಕೊಳ್ಳುತ್ತದೆ, ಅಂಕಿಗಳು ಒಂದು ಕಡೆ, ದಶಮಾಂಶದ ಚುಕ್ಕೆ ಎಷ್ಟು ಮನೆ ದೂರ ಎಂಬುದು ಇನ್ನೊಂದು ಕಡೆ. ಆ ದೂರ ಬರೆಯಲು ಇರುವ ಜಾಗಕ್ಕೆ ಮಿತಿ ಇದೆ. ಸಂಖ್ಯೆ ಮಿತಿ ಮೀರಿ ದೊಡ್ಡದಾದರೆ ಓವರ್‌ಫ್ಲೋ, ಮಿತಿ ಮೀರಿ ಚಿಕ್ಕದಾದರೆ ಅಂಡರ್‌ಫ್ಲೋ.

"ಭಾಳ ದೊಡ್ಡದಾದ್ರ ಮಶೀನ್ ಚೀರತಿತ್ತು ತಂಗಿ, ಪ್ರೋಗ್ರಾಮ್ ಅಲ್ಲೇ ನಿಂತು ಬಿಡತಿತ್ತು. ಎಲ್ಲಾರೂ ಓಡಿ ಬರತಿದ್ರು. ಭಾಳ ಸಣ್ಣದಾದ್ರ ಒಂದು ಸಾಲಿನ ಮೆಸೇಜ್ ಹೊಡದು, ಸೊನ್ನೆ ಇಟ್ಟು ಮುಂದ ಹೋಗತಿತ್ತು. ಸಣ್ಣದಕ್ಕ ಯಾರು ಓಡತಾರ?"

ಆ ಒಂದೊಂದು ಸಾಲು ಸೇರಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಕಾಗದ ಬರುತ್ತಿತ್ತಂತೆ. ಕಾಗದ ಹಾಳು ಎಂದು ಮೇಲಿನವರು ಕೂಗಾಡಿದರಂತೆ. ಕಾಕಾ ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿ ಆ ಮೆಸೇಜು ಬರುವುದನ್ನೇ ನಿಲ್ಲಿಸಿದರು. "ಆಮ್ಯಾಲ ಮಶೀನ್ ಗಪ್‌ಚಿಪ್," ಎಂದು ಅವರು ನಕ್ಕಾಗ ನಾನೂ ನಕ್ಕಿದ್ದೆ.

ಆ ಚಳಿಗಾಲದಲ್ಲಿ ಆಫೀಸಿನಲ್ಲಿ ಹೊಸ ಪ್ರೋಗ್ರಾಮನ್ನು ಓಡಿಸಿ ನೋಡಿದೆ. ಹಳೆಯ ಪಟ್ಟಿಯಲ್ಲಿ ಇಲ್ಲದ ಹನ್ನೊಂದು ಬೆಸುಗೆಗಳು ಹೊಸ ಪಟ್ಟಿಯಲ್ಲಿ ಬಂದವು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಲೆಕ್ಕದಲ್ಲಿ ಸಣ್ಣ ಸಣ್ಣ ಸಂಖ್ಯೆಗಳನ್ನು ಒಂದರ ಮೇಲೊಂದು ಗುಣಿಸಿ, ಕೊನೆಯಲ್ಲಿ ತೀರ ದೊಡ್ಡ ಸಂಖ್ಯೆಗಳಿಂದ ಗುಣಿಸಬೇಕಿತ್ತು. ಹಳೆಯ ಮಶೀನಿನಲ್ಲಿ ಈ ಹನ್ನೊಂದರ ಲೆಕ್ಕ ನಡುದಾರಿಯಲ್ಲೇ ಸೊನ್ನೆಯಾಗುತ್ತಿತ್ತು. ಆಮೇಲೆ ಎಷ್ಟೇ ದೊಡ್ಡದರಿಂದ ಗುಣಿಸಿದರೂ ಸೊನ್ನೆ ಸೊನ್ನೆಯೇ. ಸೊನ್ನೆ ಎಂದರೆ ಪರೀಕ್ಷೆ ಬೇಡ ಎಂದರ್ಥ. ಹೊಸ ಕಂಪ್ಯೂಟರಿನಲ್ಲಿ ಜಾಗ ಹೆಚ್ಚು, ಸಂಖ್ಯೆ ಸಾಯುತ್ತಿರಲಿಲ್ಲ. ಎಂದರೆ ಆ ಹನ್ನೊಂದು ಬೆಸುಗೆಗಳನ್ನು ಇಷ್ಟು ವರ್ಷ ಯಾರೂ ಮುಟ್ಟಿ ನೋಡಿರಲಿಲ್ಲ.

ಮ್ಯಾನೇಜರಿಗೆ ಪಟ್ಟಿ ಹೊಂದುತ್ತಿಲ್ಲ ಎಂದಷ್ಟೇ ಹೇಳಿದೆ. ಅವನು ಕಾರಣ ಕೇಳಲಿಲ್ಲ. "ಓಲ್ಡ್ ಔಟ್‌ಪುಟ್ ಈಸ್ ದ ರೆಫರೆನ್ಸ್. ಮೇಕ್ ಇಟ್ ಮ್ಯಾಚ್," ಎಂದ; ಹಳೆಯ ಪಟ್ಟಿಯೇ ಪ್ರಮಾಣ, ಹೊಸದನ್ನು ಅದಕ್ಕೆ ಹೊಂದಿಸು ಎಂದು. ನನ್ನ ಕಾಂಟ್ರಾಕ್ಟು ಮಾರ್ಚಿಗೆ ಮುಗಿಯುತ್ತಿತ್ತು, ಇಲ್ಲೇ ನೆಲೆಸಲು ಹಾಕಿದ್ದ ಪರ್ಮನೆಂಟ್ ರೆಸಿಡೆನ್ಸಿಯ ಅರ್ಜಿ ಆ ಕೆಲಸಕ್ಕೆ ಜೋತುಬಿದ್ದಿತ್ತು. ನಾನು ನಾಲ್ಕು ಸಾಲು ಬರೆದೆ: ಸಂಖ್ಯೆ ಹಳೆಯ ಮಶೀನಿನ ಮಿತಿಗಿಂತ ಚಿಕ್ಕದಾದರೆ ಸೊನ್ನೆ ಮಾಡು. ಎರಡು ಪಟ್ಟಿಗಳೂ ತಾಳೆಯಾದವು.

ಭಾನುವಾರ ಚಹಾ ಕುಡಿಯುವಾಗ ಕಾಕಾ ಕೇಳಿದರು, "ಮ್ಯಾಚ್ ಆತೇನು?"

"ಆಯ್ತು ಕಾಕಾ."

"ಭೇಷ್," ಎಂದವರು ಕಪ್ಪು ಕೆಳಗಿಟ್ಟರು. "ಹೆಂಗಾತು? ಹೊಸ ಮಶೀನ್ ನಮ್ಮಂಗ ಸೊನ್ನೆ ಮಾಡಂಗಿಲ್ಲಲ್ಲ."

ಸಿಕ್ಕಿಬಿದ್ದೆ. ಎಲ್ಲ ಹೇಳಿದೆ. ಅವರು ಹನ್ನೊಂದು ನಂಬರುಗಳನ್ನೂ ಬರೆಸಿಕೊಂಡು ಆ ಚೀಟಿಯ ಮೇಲೆ ಉಗುರು ಇಳಿಸುತ್ತಾ ಓದಿದರು. ಮುಖ ಬಾಡಿತ್ತು.

"ಮಶೀನ್ ಹೇಳ್ಲಿಕ್ಕೆ ಬಂದಿತ್ತು. ಅದರ ಬಾಯಿ ನಾ ಮುಚ್ಚಿಸಿದೆ. ಗೊತ್ತಿಲ್ಲದ ಮುಚ್ಚಿಸಿದೆ. ನೀ ಗೊತ್ತಿದ್ದೂ ಯಾಕ ಮುಚ್ಚಸ್ತಿ ತಂಗಿ? ಆ ಸುರಂಗದಾಗ ಮಂದಿ ಅಡ್ಡಾಡ್ತಾರ."

ನನಗೆ ಸಿಟ್ಟು ಬಂತು. ತಪ್ಪು ಮಾಡಿದಾಗ ನನಗೆ ಮೊದಲು ಬರುವುದೇ ಸಿಟ್ಟು. "ನಿಮಗೆ ಹೇಳ್ಲಿಕ್ಕೆ ಸುಲಭ ಕಾಕಾ, ಮನೆ ಉಂಟು, ಪೆನ್ಶನ್ ಉಂಟು. ಮಾರ್ಚಿನ ಮೇಲೆ ನಾನೆಂತ ಮಾಡ್ಲಿ?"

 ಆ ವಾರ ಕಾಕಾ ತಮ್ಮ ಕೈಯಾರೆ ಆಫೀಸಿಗೆ ಒಂದು ಕಾಗದ ಬರೆದರು. ಹಳೆಯ ಪ್ರೋಗ್ರಾಮಿನಲ್ಲಿ ತಾನು ಮಾಡಿದ ತಪ್ಪಿನಿಂದ ಹನ್ನೊಂದು ಬೆಸುಗೆಗಳು ಪಟ್ಟಿಯಿಂದ ಬಿಟ್ಟುಹೋಗಿವೆ, ದಯವಿಟ್ಟು ಪರೀಕ್ಷಿಸಿ ಎಂದು. ಹಿಮ ಬೀಳುತ್ತಿದ್ದ ಗುರುವಾರ ಯಂಗ್ ಸ್ಟ್ರೀಟಿನ ಬಸ್ಸು ಹಿಡಿದು, ಸಬ್‌ವೇ ಬದಲಿಸಿ, ಆ ಎಂಬತ್ತರ ಜೀವ ಒಬ್ಬರೇ ಆಫೀಸಿಗೆ ಬಂದರು. ಮ್ಯಾನೇಜರು ಅವರನ್ನು ನನ್ನ ಮೇಜಿನ ಪಕ್ಕದಿಂದಲೇ ಕರೆದುಕೊಂಡು ಹೋದ. ಕಾಕಾ ನನ್ನನ್ನು ಪರಿಚಯವೇ ಇಲ್ಲದವರಂತೆ ನೋಡಿ ಮುಂದೆ ನಡೆದರು. ನಾನು ಎದ್ದು ನಿಲ್ಲಲಿಲ್ಲ. ಸ್ಕ್ರೀನಿಗೆ ಮುಖ ಕೊಟ್ಟು ಕೂತೆ.

ಅವರು ಹೋದಮೇಲೆ ಮ್ಯಾನೇಜರು "ಸ್ವೀಟ್ ಓಲ್ಡ್ ಮ್ಯಾನ್, ಇನ್ನೂ ಇಲ್ಲೇ ಕೆಲಸ ಮಾಡ್ತಿದ್ದೇನೆ ಅಂದುಕೊಂಡಿದ್ದಾನೆ" ಎಂಬ ಅರ್ಥದಲ್ಲಿ ಏನೋ ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ.

ಸಂಜೆ ಮನೆಗೆ ಬಂದಾಗ ಕಾಕಾ ಮೆಟ್ಟಿಲ ಬಳಿ ನಿಂತಿದ್ದರು. "ಚಲೋ ಮಾತಾಡಿದ್ರು. ಕಾಫಿ ಕೊಟ್ರು, ನೋಡ್ತೀವಿ ಅಂದ್ರು. ನಿನ್ನ ಹೆಸರು ಹೇಳಿಲ್ಲ, ಅಂಜಬ್ಯಾಡ."

ಅಂದಿನಿಂದ ದಿನಾ ನಾನು ಬೂಟು ಕಳಚುವಾಗ ಒಂದೇ ಪ್ರಶ್ನೆ. "ಪೈಪ್ ನೋಡಿದ್ರೇನು?" ನಾನು "ನೋಡ್ತಾ ಇದ್ದಾರಂತೆ ಕಾಕಾ" ಎನ್ನುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. ಕಾಗದ ಯಾವ ಡ್ರಾಯರು ಸೇರಿತ್ತೋ ನನಗೆ ತಿಳಿಯದು. ಹೀಗೆ ಮೂರು ವಾರ ನಡೆಯಿತು. ಒಂದು ಬೆಳಿಗ್ಗೆ ಚಹಾಕ್ಕೆ ಕಾದು ಕುರ್ಚಿಯಲ್ಲಿ ಕೂತವರು ಕೂತಂತೆಯೇ ಹೋಗಿಬಿಟ್ಟರು.

ಅಂತ್ಯಕ್ರಿಯೆಯ ಮರುದಿನ ನಾನು ಮ್ಯಾನೇಜರನ ಕೋಣೆಗೆ ಹೋಗಿ ನನ್ನ ನಾಲ್ಕು ಸಾಲುಗಳನ್ನು ತೋರಿಸಿದೆ. ಪಟ್ಟಿ ಹೊಂದಿದ್ದಲ್ಲ, ನಾನು ಹೊಂದಿಸಿದ್ದು, ಕಾಕಾ ಕಾಗದದಲ್ಲಿ ಬರೆದದ್ದು ನಿಜ ಎಂದೆ. ಅವನ ಬಣ್ಣ ಇಳಿಯಿತು. ಹತ್ತು ದಿನಗಳಲ್ಲಿ ಪರೀಕ್ಷಕರು ಸುರಂಗಕ್ಕೆ ಇಳಿದರು. ಹತ್ತು ಬೆಸುಗೆಗಳು ಗಟ್ಟಿಯಾಗಿದ್ದವು. ಹನ್ನೊಂದನೆಯದರ ಲೋಹ ಸವೆದು ಡಬ್ಬಿಯ ತಗಡಿನಷ್ಟಾಗಿತ್ತು. ಅದರ ಕೆಳಗೇ ಕೆಲಸಗಾರರು ದಿನಾ ಓಡಾಡುವ ದಾರಿ. ಅಂದೇ ಆವಿ ನಿಲ್ಲಿಸಿ ಪೈಪು ಬದಲಿಸಿದರು. ಆಫೀಸಿನಲ್ಲಿ ನನ್ನನ್ನು ಬಯ್ಯಲಿಲ್ಲ, ಹೊಗಳಿದರು. ಕಾಂಟ್ರಾಕ್ಟೂ ಮುಂದುವರಿಯಿತು. ಆ ಹೊಗಳಿಕೆ ಬಯ್ಗುಳಕ್ಕಿಂತ ಕಷ್ಟವಾಯಿತು.

ಕಾಕು ಅಡುಗೆಮನೆಯಲ್ಲಿ ಒಬ್ಬರೇ ಕೂತಿದ್ದರು. ಪೈಪಿನ ವಿಷಯ ಹೇಳಿದೆ.

"ಅವರು ಹೇಳಿದ್ದು ಖರೇ ಇತ್ತು ಹಂಗಾರ," ಎಂದರು.

"ಖರೇ ಇತ್ತು ಕಾಕು. ಆದರೆ ಅವರು ಇದ್ದಾಗ ಯಾರೂ ನೋಡಲೇ ಇಲ್ಲ. ನಾನು ದಿನಾ ಸುಳ್ಳು ಹೇಳ್ತಿದ್ದೆ."

ಕಾಕು ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವರಿಗೆ ಗೊತ್ತಿತ್ತವಾ. ದಿನಾ ಯಾಕ ಕೇಳ್ತಿದ್ರು ಅಂತ ತಿಳಕೊಂಡಿ? ಇವತ್ತಾದ್ರೂ ಖರೇ ಹೇಳ್ತಾಳೇನೋ ಅಂತ ಕೇಳ್ತಿದ್ರು."