ಹೊಗೆಸೊಪ್ಪಿನ ಗಂಟು

ಇವತ್ತು ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿದೆ. ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ನಮ್ಮ ಮೂಡಿಗೆರೆ ಕಡೆಯವರಾದರೆ ನಿಮಗಿದು ಹೊಸತಲ್ಲ. ಮಳೆ ಹಿಡಿದರೆ ಇಲಿಗಳಿಗೆ ಎಂಜಿನ್ನಿಗಿಂತ ಬೆಚ್ಚನೆಯ ಮನೆ ಬೇರೆ ಬೇಕೆ? ಅವು ವೈರು ಕಡಿಯದಿರಲೆಂದು ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟುತ್ತೇವೆ. ಆದರೆ ಈ ಘಾಟಿಗೆ ನನಗೆ ನೆನಪಾಗುವುದು ಇಲಿಯಲ್ಲ, ಕಳಸದ ಅತ್ತೆ.

ಅತ್ತೆ ಎಂದರೆ ಅಪ್ಪನ ತಂಗಿ, ಟೀಚರಾಗಿ ನಿವೃತ್ತರಾದವರು. ಈ ಕಾರು ಆಗ ಅವರದು. ಹೊರನಾಡಿಗೋ ಮೂಡಿಗೆರೆಗೋ ಹೋಗಬೇಕೆನಿಸಿದರೆ ಯಾರ ಜೀಪಿಗೂ ಕಾಯದೆ ಹೊರಟುಬಿಡುತ್ತಿದ್ದರು. ಆ ಸುಖ ಅವರಿಗೆ ತಡವಾಗಿ ಸಿಕ್ಕಿತ್ತು. ಒಂದು ಮಳೆಗಾಲ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರಿನ ಹೀಟರ್ ಹೋಗಿದೆಯೆಂದು ಸೆನ್ಸರನ್ನೇ ಬದಲಿಸಿದರು. ದೀಪ ಮತ್ತೆ ಹತ್ತಿತು. ಇನ್ನು ಸರಿಹೋಗದಿದ್ದರೆ ಗಾಡಿ ಮಾರುವುದೇ ಎಂದು ಮಾವ ತೀರ್ಮಾನಿಸಿದರು. ಅತ್ತೆ ನನಗೆ ಫೋನ್ ಮಾಡಿದರು.

ಈ ಸೆನ್ಸರ್ ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯ ರುಚಿ ನೋಡುವ ಸಾಮಾನು. ತಣ್ಣಗಿದ್ದಾಗ ಅದಕ್ಕೆ ಮಾತೇ ಹೊರಡದು, ಕಾಫಿ ಕುಡಿಯುವ ಮುಂಚಿನ ನಮ್ಮ ಮಾವನ ಹಾಗೆ. ಬೇಗ ಬಿಸಿಯಾಗಲೆಂದೇ ಒಳಗೊಂದು ಪುಟ್ಟ ಹೀಟರ್.

ಅಲ್ಲಿಯವರೆಗೆ ಟಾರ್ಚಿನ ಸೆಲ್ಲು ನೋಡಲಷ್ಟೇ ಬಳಸಿದ್ದ ಮಲ್ಟಿಮೀಟರ್ ಹಿಡಿದು ಕಳಸಕ್ಕೆ ಹೋದೆ. ಇದು ಇಲಿಯದೇ ಕೆಲಸ ಎಂದು ಬಾನೆಟ್ ಎತ್ತುವ ಮೊದಲೇ ಘೋಷಿಸಿಯೂ ಬಿಟ್ಟೆ. ಸೆನ್ಸರಿನ ಪ್ಲಗ್ ಕಳಚಿ ಅಳೆದರೆ ಹೀಟರ್ ಸರಿಯಾಗಿದೆ. ಕೀ ತಿರುಗಿಸಿದರೆ ಪ್ಲಗ್ಗಿಗೆ ಕರೆಂಟೇ ಬರುತ್ತಿಲ್ಲ. ಫ್ಯೂಸ್ ಹೋಗಿತ್ತು. ಹೊಸದು ಹಾಕಿದೆ, ಅದೂ ಹೋಯಿತು. ಅಂದರೆ ವೈರು ಎಲ್ಲೋ ಕಬ್ಬಿಣಕ್ಕೆ ತಾಗುತ್ತಿದೆ. ಬೆರಳಾಡಿಸುತ್ತ ಹೋದೆ, ಹೊಗೆಸೊಪ್ಪಿನ ಗಂಟು ಸಿಕ್ಕಿತು. ಅತ್ತೆ ಅದನ್ನು ಭದ್ರವಾಗಿ ಕಟ್ಟಿದ್ದು ಆ ವೈರಿಗೇ. ನೀರು ಕುಡಿದು ಭಾರವಾದ ಗಂಟು ವೈರನ್ನು ಜಗ್ಗಿ ಬಿಸಿ ಪೈಪಿಗೆ ಒರಗಿಸಿತ್ತು. ಪ್ಲಾಸ್ಟಿಕ್ ಕರಗಿ ತಾಮ್ರ ಕಾಣುತ್ತಿತ್ತು. ಪಾಪ, ಇಲಿಗಳು ನಿರಪರಾಧಿಗಳು.

ಏನಾಯಿತೆಂದು ಮಾವ ಜಗಲಿಯಿಂದ ಕೇಳಿದರು. ಅತ್ತೆ ನನ್ನ ಮುಖ ನೋಡಿದರು.

"ವೈರು ಸುಟ್ಟಿತ್ತು ಮಾವ, ಸರಿ ಮಾಡ್ತೀನಿ" ಎಂದೆ. ಸುಳ್ಳೇನಲ್ಲವಲ್ಲ.

ಹೊಸ ವೈರು ಸೇರಿಸಿ, ಪೈಪಿನಿಂದ ದೂರ ಕಟ್ಟಿದೆ. ಗ್ಯಾರೇಜಿನಲ್ಲಿ ದೀಪ ಆರಿಸಿಕೊಂಡು ಬಂದ ಮೇಲೆ ಅದು ಮತ್ತೆ ಹತ್ತಲಿಲ್ಲ. ಅತ್ತೆ ಎಷ್ಟೋ ವರ್ಷ ಓಡಾಡಿದರು. ಕ್ಲಚ್ ಒತ್ತಿದರೆ ಮೊಣಕಾಲು ನೋಯತೊಡಗಿದಾಗ ಕೀ ನನ್ನ ಕೈಗಿಟ್ಟರು.

ಇವತ್ತು ಅದೇ ದೀಪ. ಗಂಟು ಕಟ್ಟಿದವನು ನಾನೇ, ವೈರಿನಿಂದ ದೂರದಲ್ಲಿ. ಫ್ಯೂಸ್ ಸರಿಯಿದೆ, ಪ್ಲಗ್ಗಿಗೆ ಕರೆಂಟ್ ಬರುತ್ತಿದೆ. ಈ ಸಲ ಹೋಗಿರುವುದು ಸೆನ್ಸರಿನೊಳಗಿನ ಹೀಟರೇ. ಅತ್ತೆಗೆ ಫೋನ್ ಮಾಡಿದೆ.

"ಈ ಸಲ ನಂದಲ್ಲ ತಾನೆ?" ಎಂದರು.

"ಅಲ್ಲ ಅತ್ತೆ. ಅದಕ್ಕೆ ವಯಸ್ಸಾಗಿದೆ, ಅಷ್ಟೆ."

ಅತ್ತೆ ಮೆಲ್ಲಗೆ, "ವಯಸ್ಸಾಯ್ತು ಅಂತ ಮಾರ್ಬೇಡ ಮಾರಾಯ" ಎಂದರು.

ಹೊಸ ಸೆನ್ಸರ್ ತರಿಸಿ ಹಾಕುತ್ತೇನೆ. ಹಾಕಿದ ಮೇಲೆ ಮೊದಲು ಕಳಸಕ್ಕೆ, ಅಲ್ಲಿಂದ ಅತ್ತೆಯನ್ನು ಕೂರಿಸಿಕೊಂಡು ಕುದುರೆಮುಖದ ಟೌನ್‌ಶಿಪ್ಪಿಗೆ. ಗಣಿ ಮುಚ್ಚಿದ ಮೇಲೆ ಅಲ್ಲಿ ಜನರಿಲ್ಲದ ರಸ್ತೆ ಬೇಕಾದಷ್ಟಿದೆ. ಮೊಣಕಾಲು ಸಾಕು ಅನ್ನುವವರೆಗೆ ಸ್ಟೀರಿಂಗ್ ಅವರದು.