ಹೆಲ್ಮೆಟ್ಟಿನಲ್ಲಿ ಏಳು ಮೊಟ್ಟೆ

ನಿಮ್ಮ ತಾತ ಹೆಲ್ಮೆಟ್ ಬೇಡ ಎನ್ನಲಿಲ್ಲ. ನಾನು ಕೊಡಲಿಲ್ಲ.

ಚೇತು, ಸಿಂಚು — ಇಷ್ಟು ಬರೆಯುವುದಕ್ಕೆ ನನಗೆ ಮೂರು ದಿನ ಹಿಡಿಯಿತು. ಬರೆದೆ, ಹರಿದೆ, ಒಲೆಗೆ ಹಾಕಿದೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳುತ್ತಿದ್ದರು, ಆದರೆ ಎದ್ದು ನಿಂತು ಓದು ಎಂದರೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಈಗಲೂ ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ಸುಳ್ಳು ಹೇಳಿದ ದಿನ ಮಾತ್ರ ಈ ನಾಚಿಕೆ ಎಲ್ಲಿಗೆ ಹೋಗಿತ್ತೋ —

ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ತಾತನ ಫೋಟೋದ ಮುಂದೆ ಎಡೆ ಇಟ್ಟಾದ ಮೇಲೆ ನಿಮ್ಮಪ್ಪ ಒಂದು ಕಥೆ ಹೇಳುತ್ತಾನಲ್ಲ? ದಿನಾ ಹೆಲ್ಮೆಟ್ ಹಾಕುತ್ತಿದ್ದ ಮನುಷ್ಯ, ಅವತ್ತೊಂದು ದಿನ ಅವ್ವ ಕೈಗೆ ಕೊಟ್ಟರೂ ಬೇಡ ಅಂದು ಹೋದರು, ಹೆಂಡತಿ ಮಾತು ಕೇಳಲಿಲ್ಲ ಎಂದು. ಆ ಕಥೆ ಅವನು ಕಟ್ಟಿದ್ದಲ್ಲ. ನಾನು ಕೊಟ್ಟದ್ದು. ನಿಮ್ಮಿಬ್ಬರಲ್ಲಿ ಯಾರೂ ಇನ್ನೂ ಹುಟ್ಟಿರಲಿಲ್ಲ.

ನಿಮ್ಮ ತಾತ ಪಂಪ್‌ಸೆಟ್ ಮೋಟಾರು ಸುಟ್ಟುಹೋದರೆ ಹೊಸ ತಂತಿ ಸುತ್ತಿ ಕಟ್ಟಿಕೊಡುತ್ತಿದ್ದರು. ಹಂಪಾಪುರದ ಸುತ್ತಿನ ಊರುಗಳಿಗೆಲ್ಲ ಅವರ ಬೈಕೇ ಹೋಗಬೇಕು. ಜೊತೆಯ ಕೆಲಸಗಾರನೊಬ್ಬ ಕೋಟೆ ಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ ತಲೆಗೆ ಪೆಟ್ಟು ಬಿದ್ದು ಹೋದ ಮೇಲೆ ಮೈಸೂರಿಂದ ಒಂದು ಹೆಲ್ಮೆಟ್ ತಂದರು, ಕೆಂಪು ಬಣ್ಣದ್ದು, ಮುಖ ಪೂರ್ತಿ ಮುಚ್ಚುವಂಥದು. ಆಗ ನಮ್ಮೂರಲ್ಲಿ ಯಾರ ತಲೆಯ ಮೇಲೂ ಅದು ಇರಲಿಲ್ಲ. ಅರಳಿಕಟ್ಟೆಯಲ್ಲಿ ಕೂತವರು ಸುಮ್ಮನಿರುತ್ತಾರೆಯೇ? 'ಏನಣ್ಣೋ, ಮಡಕೆ ಹೊತ್ಕಂಡು ಎತ್ಲಾಗ್ ಹೊಂಟೆ?' ಅವರು ಕಣ್ಣಿನ ಗಾಜು ಮೇಲೆತ್ತಿ, 'ತಲೇಲಿ ಏನಾರ ಇರೋನು ಮುಚ್ಕತಾನೆ ಕಣ್ಲಾ, ನಿಂಗ್ಯಾಕೆ ಬುಡು' ಎಂದು ಹೋಗಿಬಿಡುತ್ತಿದ್ದರು. ನಗಿಸಿಯೇ ಗೆಲ್ಲುವ ಮನುಷ್ಯ.

ನಾನು ಗೆಲ್ಲುವವಳಲ್ಲ. ಡೇರಿಗೆ ಹಾಲು ಹಾಕಲು ಹೋದರೆ ಹೆಂಗಸರು ನಿನ್ನ ಗಂಡನ ಮಡಕೆ ಒಡೆದಿಲ್ಲವೇ ಇನ್ನೂ ಎಂದು ಕೇಳುತ್ತಿದ್ದರು, ನಾನು ಕ್ಯಾನು ಇಳಿಸಿ ತಲೆ ತಗ್ಗಿಸಿಕೊಂಡು ಬರುತ್ತಿದ್ದೆ. ಮದುವೆಗೋ ದೇವಸ್ಥಾನಕ್ಕೋ ಅವರ ಹಿಂದೆ ಕೂತು ಹೋಗುವಾಗ ಊರು ದಾಟುವವರೆಗಾದರೂ ಅದನ್ನು ತೆಗೆಯಿರಿ ಎಂದು ಬೇಡುತ್ತಿದ್ದೆ. ಅವರು ತೆಗೆಯುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಒಂದು ಸಲ ಬೈಕು ಕೆಟ್ಟು ಮೂರು ವಾರ ಗ್ಯಾರೇಜಿನಲ್ಲಿ ನಿಂತಿತು. ಹೆಲ್ಮೆಟ್ ಕೊಟ್ಟಿಗೆಯ ಮೂಲೆಯಲ್ಲಿ, ಮೂಟೆಗಳ ಸಂದಿನಲ್ಲಿ ಬಾಯಿ ಮೇಲಾಗಿ ಕೂತಿತ್ತು. ನಮ್ಮ ಕರಿ ಚುಕ್ಕೆಯ ಕೋಳಿ ಅದರೊಳಗೆ ಮೊಟ್ಟೆಯಿಡಲು ಶುರುಮಾಡಿತು. ಇಲಿ ಹೆಗ್ಗಣ ಮುಟ್ಟದ ಜಾಗ ಎಂದು ನನಗೂ ಖುಷಿ. ಏಳು ಮೊಟ್ಟೆ ಆದ ಮೇಲೆ ಕೋಳಿ ಕಾವಿಗೆ ಕೂತಿತು. ತಾತ ನೋಡಿ ನಕ್ಕರು. ಬೈಕು ಬರುವುದರೊಳಗೆ ಅದನ್ನು ಮಂಕರಿ ಬುಟ್ಟಿಗೆ ಬದಲಾಯಿಸು ಎಂದರು. ನಾಳೆ ಎಂದೆ. ಇನ್ನೊಂದು ಸಲ ಹೇಳಿದರು. ಹೂಂ ಎಂದೆ.

ಕಾವು ಕೂತ ಕೋಳಿಯನ್ನು ಕತ್ತಲಾದ ಮೇಲೆ ಮೊಟ್ಟೆಯ ಸಮೇತ ಎತ್ತಿಟ್ಟರೆ ಅದು ಅಷ್ಟಾಗಿ ಗಲಾಟೆ ಮಾಡುವುದಿಲ್ಲ. ನನಗದು ಚಿಕ್ಕಂದಿನಿಂದ ಗೊತ್ತು. ಹುಲ್ಲು ಹಾಸಿದ ಮಂಕರಿಯೂ ಪಕ್ಕದಲ್ಲೇ ಇತ್ತು. ಆದರೂ ಎತ್ತಿಡಲಿಲ್ಲ. ಸೋಮಾರಿತನ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ಮಡಕೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತಲ್ಲ, ಇನ್ನು ಹತ್ತು ಹನ್ನೆರಡು ದಿನ ಅದು ಬೀದಿಗೆ ಬರುವುದಿಲ್ಲವಲ್ಲ ಎಂದು ಒಳಗೊಳಗೇ ನನಗೆ —

ಸಮಾಧಾನವಾಗಿತ್ತು. ಬರೆದೆ. ಆಯಿತು.

ಕೋಳಿ ಕೂತು ಹತ್ತನೆಯ ದಿನ ಬೈಕು ಬಂತು. ಅವತ್ತು ಬೆಳಿಗ್ಗೆಯೇ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಅಂಗಡಿಯಿಂದ ತಾಮ್ರದ ತಂತಿ ತರಬೇಕಿತ್ತು. ಅವರು ಕೊಟ್ಟಿಗೆಗೆ ಹೋದರು. ಹೆಲ್ಮೆಟ್ಟಿಗೆ ಕೈ ಚಾಚಿದರು, ಕೋಳಿ ರೆಕ್ಕೆ ಉಬ್ಬಿಸಿ ಕುಕ್ಕಿತು. ನನ್ನ ಕಡೆ ತಿರುಗಿದರು.

'ಇನ್ನೂ ಎತ್ತಿಟ್ಟಿಲ್ವಾ?'

'ಈಗ ಎಬ್ಬಿಸ್ಬ್ಯಾಡಿ ಕಣ್ರೀ, ಮೊಟ್ಟೆ ಕೆಟ್ಟೋಯ್ತವೆ. ಇಲ್ಲೇ ತಾನೆ, ಹಂಗೇ ಹೋಗ್ಬನ್ನಿ.'

ಅವರು ಬೆರಳು ಚೀಪಿಕೊಂಡು ನಕ್ಕರು. 'ನನ್ ತಲೆಗಿಂತ ನಿನ್ ಮೊಟ್ಟೆನೇ ಹೆಚ್ಚಾದ್ವು ಬುಡು.'

ಹೋದರು.

ಹುರುಳಿ ಒಕ್ಕಣೆಯ ಕಾಲ. ಕಣ ಮಾಡುವ ಬದಲು ಗಿಡ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರಡುತ್ತೇವಲ್ಲ, ಓಡಾಡುವ ಗಾಡಿಗಳ ಚಕ್ರದಿಂದ ಕಾಳು ಉದುರಲಿ ಎಂದು — ಅಂಥ ಒಣಗಿಡದ ಸೆತ್ತೆಯ ಮೇಲೆ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಅವರ ಬೈಕು ಜಾರಿತು. ಜೋರಾಗಿ ಹೋಗುತ್ತಿರಲಿಲ್ಲ. ಕೈ ತರಚಿತ್ತು, ಮಂಡಿ ತರಚಿತ್ತು, ಅಂಗಿಯ ಒಂದು ಗುಂಡಿಯೂ ಕಿತ್ತಿರಲಿಲ್ಲ. ತಲೆ ಮಾತ್ರ ಮೋರಿಯ ಕಲ್ಲಿಗೆ ಬಡಿದಿತ್ತು. ಮೈಸೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಸುದ್ದಿ ಬಂದಾಗ ನಾನು ಮೊದಲು ಏನು ಮಾಡಿದೆ ಗೊತ್ತೇ? ಅಳಲಿಲ್ಲ. ಕೊಟ್ಟಿಗೆಗೆ ಓಡಿ ಆ ಹೆಲ್ಮೆಟ್ಟಿನ ಮೇಲೆ, ಕೋಳಿಯ ಮೇಲೆ, ಮಂಕರಿ ಮುಚ್ಚಿದೆ. ಆಮೇಲೆ ಬಂದು ಅತ್ತೆ. ಅವರ ಅಣ್ಣ, ನನ್ನ ಬಾವ, ತಲೆ ಮೇಲೆ ಕೈ ಹೊತ್ತು ಕೇಳಿದರು: 'ದಿನಾ ಆಕ್ಕೊಳೋನು, ಇವತ್ತು ಯಾಕಮ್ಮಿ ಆಕ್ಕೊಳ್ಳಿಲ್ಲ?'

ಮನೆ ತುಂಬ ಜನ. ನನಗೆ ಬಾಯಿ ಬಂತು. 'ನಾನು ಕೊಟ್ಟೆ ಬಾವ. ಇಲ್ಲೇ ತಾನೆ, ಬ್ಯಾಡ ಅಂದ್ರು.'

ನನ್ನ ಮಾತನ್ನು ಎತ್ತಿ ಸತ್ತವರ ಬಾಯಿಗೆ ಇಟ್ಟೆ. ಅವರು ಎದ್ದು ಬಂದು ಅಲ್ಲ ಎನ್ನುವಂತಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಹುರುಳಿ ನಮ್ಮೂರ ಮೇಲುಬೀದಿಯ ಜವರಮ್ಮನದು. ಅವಳೂ ಗಂಡನಿಲ್ಲದವಳೇ. ಮೂರನೆಯ ದಿನ ಅವಳು ಬಂದು ನಮ್ಮ ಬಾಗಿಲಲ್ಲಿ ಕುಸಿದು ಕೂತಳು, ನಾನು ಮಣ್ಣು ಬಾಚಿ ತೂರಿ, ನಿನ್ನ ಮನೆ ಹಾಳಾಗ ಎಂದೆ. ರಸ್ತೆಯನ್ನು ಕಣ ಮಾಡಿಕೊಳ್ಳುವುದು ತಪ್ಪು, ಅದನ್ನು ಇವತ್ತೂ ಹೇಳುತ್ತೇನೆ, ಕೂಗಿ ಹೇಳುತ್ತೇನೆ — ನಿಮ್ಮಪ್ಪ ಈ ವರ್ಷವೂ ಹರಡಿದ್ದಾನೆ, ಅವನಿಗೆ ನಾಚಿಕೆಯಾಗಬೇಕು. ಆದರೆ ಅವತ್ತು ನಮ್ಮ ಹುರುಳಿಯೂ ಅದೇ ರಸ್ತೆಯಲ್ಲಿ, ಅವಳದ್ದಕ್ಕಿಂತ ನೂರು ಮಾರು ಆಚೆ ಬಿದ್ದಿತ್ತು. ಬಿದ್ದವರು ಕೈ ಕೊಡವಿಕೊಂಡು ಎದ್ದು ಬರಬಹುದಾಗಿತ್ತು. ಏಳದಂತೆ ಮಾಡಿದ್ದು ಜವರಮ್ಮನ ಹುರುಳಿಯಲ್ಲ. ಊರೆಲ್ಲ ಅವಳನ್ನು ಗಂಡಸನ್ನು ನುಂಗಿದವಳು ಎಂದಿತು. ನನ್ನನ್ನು ಪಾಪ ಎಂದಿತು. ಹಣೆಬರಹ ಕಣವ್ವ, ಬರೆದದ್ದು ತಪ್ಪಿಸೋಕಾಯ್ತದ ಎಂದು ಬಂದವರೆಲ್ಲ ಬೆನ್ನು ಸವರಿದರು. ಆ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಯಾರು ಬರೆದದ್ದು? ಬರೆದವಳು ಅಲ್ಲೇ ಸೆರಗು ಮುಚ್ಚಿಕೊಂಡು ಕೂತಿದ್ದಳಲ್ಲ.

ತಿಥಿಯ ಮರುದಿನ ಆರು ಮರಿ ಹೊರಬಂದವು. ಒಂದು ಮೊಟ್ಟೆ ಕೆಟ್ಟಿತ್ತು.

ಅವತ್ತಿನಿಂದ ನಾನು ಕೋಳಿ ತಿಂದಿಲ್ಲ. ಗಂಡನ ಮೇಲಿನ ಭಕ್ತಿಗೆ ಬಿಟ್ಟಿದ್ದಾರೆ ಎಂದು ನಿಮ್ಮಮ್ಮ ನೆಂಟರಿಗೆಲ್ಲ ಹೇಳುತ್ತಾಳೆ. ಸುಳ್ಳಿನ ಮೇಲೆ ಹೊಗಳಿಕೆಯನ್ನೂ ಉಂಡವಳು ನಾನು.

ಹೀಗೇ ಬಾಯಿ ಮುಚ್ಚಿಕೊಂಡು ಸಾಯುತ್ತಿದ್ದೆನೇನೋ. ಚೇತು, ಹೋದ ತಿಂಗಳು ನೀನು ಸಿಂಚುವನ್ನು ಹಿಂದೆ ಕೂರಿಸಿಕೊಂಡು ಕೋಟೆ ಕಾಲೇಜಿಗೆ ಹೊರಟೆ. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಹಾಕಿಕೊಳ್ಳೋ ಎಂದೆ. ಹ್ಯಾಂಡ್‌ಪೋಸ್ಟಿನಲ್ಲಿ ಪೊಲೀಸ್ ಇದ್ದರೆ ಹಾಕಿಕೊಳ್ಳುತ್ತೇನೆ ಎಂದೆ ನೀನು. ನಾನು ಮತ್ತೆ ಹೇಳಿದೆ. ಆಗ ಗಾಡಿ ಸ್ಟಾರ್ಟ್ ಮಾಡುತ್ತಾ ಅಂದೆಯಲ್ಲ:

'ಇಲ್ಲೇ ತಾನೆ ಕಣಜ್ಜಿ. ತಾತನೂ ನೀನ್ ಕೊಟ್ರೆ ಬ್ಯಾಡ ಅಂದಿದ್ರಂತಲ್ಲ, ನಾನ್ ಅವ್ರ್ ಮೊಮ್ಮಗ.'

ಸಿಂಚು ಕಿಸಕ್ಕನೆ ನಕ್ಕಳು. ನಾನು ಹೂತಿಟ್ಟ ಸುಳ್ಳು ನಿನ್ನ ಬಾಯಲ್ಲಿ ಮೊಳೆತಿತ್ತು.

ಎಂಥ ಮಾತು ಆಡಿದೆಯೋ. ಊರೆಲ್ಲ ಹೀಯಾಳಿಸಿದರೂ ಒಂದು ದಿನವೂ ತೆಗೆಯದ ಮನುಷ್ಯನ ಹೆಸರನ್ನು ಬರಿದಲೆಗೆ ಸಾಕ್ಷಿ ಮಾಡಿಕೊಂಡೆಯಾ? ನಿನ್ನ ತಲೆಗೆ ಪೊಲೀಸ್ ಯಜಮಾನನೇ, ಅವನು ನೋಡುವಾಗ ಮಾತ್ರ ಅದು ಒಡೆಯುತ್ತದೆಯೇ? ಕನ್ನಡಿಗೆ ನೇತುಹಾಕಿದ ಹೆಲ್ಮೆಟ್ ಕನ್ನಡಿಯನ್ನು ಕಾಯುತ್ತದೆ ಅಷ್ಟೆ. ಹಾಕಿಕೊಂಡ ದಿನವೂ ಗದ್ದದ ಪಟ್ಟಿ ಬಿಗಿಯುವುದಿಲ್ಲ ನೀನು, ಫೋನನ್ನು ಕಿವಿಯ ಹತ್ತಿರ ತುರುಕಿಕೊಳ್ಳುತ್ತೀಯ, ನಾನು ನೋಡಿಲ್ಲವೇ? ಜಲ್ಲಿ ಲಾರಿಗೂ ಬಸ್ಸಿಗೂ ನಡುವಿನ ಸಂದಿನಲ್ಲಿ ನುಗ್ಗಿದ್ದನ್ನು ನಿಮ್ಮಮ್ಮನಿಗೆ ಹೆಮ್ಮೆಯಿಂದ ಹೇಳುತ್ತಿದ್ದೆಯಲ್ಲ. ಸಿಂಚು, ಜಡೆ ಚಪ್ಪಟೆಯಾಗುತ್ತದೆ ಎಂದು ನಿನಗೆ ಕೊಂಡ ಹೆಲ್ಮೆಟ್ ಮಂಚದ ಕೆಳಗೆ ತಳ್ಳಿದ್ದೀಯ. ನಾಚಿಕೆಯಿಂದ ಗಂಡನ ತಲೆ ಕಳೆದವಳು ಹೇಳುತ್ತಿದ್ದೇನೆ, ಜನ ನಗುತ್ತಾರೆ, ಆಮೇಲೆ ಹೆಣದ ಮುಂದೆ ಅಳುವುದಕ್ಕೂ ಅವರೇ ಬರುತ್ತಾರೆ, ಸಂಜೆಗೆ ಮನೆಗೆ ಹೋಗಿ ಉಣ್ಣುತ್ತಾರೆ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ ಎಂದು ಗೊತ್ತು. ಆದರೂ ಬೈಯುತ್ತೇನೆ. ಇನ್ನು ಮೇಲೆ ಬೈಕಿನ ಕೀಲಿ ನನ್ನ ಸೊಂಟದಲ್ಲಿ ಇರುತ್ತದೆ. ಇಬ್ಬರ ತಲೆಯ ಮೇಲೂ ಅದು ಕೂತು, ಪಟ್ಟಿ ಬಿಗಿದದ್ದನ್ನು ಕೈಯಿಂದ ಎಳೆದು ನೋಡಿದ ಮೇಲೆಯೇ ಕೊಡುವುದು. ಅಂಗಡಿಗೆ ಹೋದರೂ ಅಷ್ಟೆ, ತೋಟಕ್ಕೆ ಹೋದರೂ ಅಷ್ಟೆ.

ಆ ಕೆಂಪು ಹೆಲ್ಮೆಟ್ ನನ್ನ ಟ್ರಂಕಿನ ತಳದಲ್ಲಿ, ಹಳೆಯ ಸೀರೆಯೊಳಗಿದೆ. ಮೊಟ್ಟೆ ಒಡೆದ ಕಲೆ ಒಳಗಿನ ಬಟ್ಟೆಯಿಂದ ಇನ್ನೂ ಹೋಗಿಲ್ಲ. ಒಳಗಿನ ಮೆತ್ತೆ ಪುಡಿಪುಡಿಯಾಗಿದೆ, ಅದು ಯಾರ ತಲೆಯನ್ನೂ ಕಾಯುವುದಿಲ್ಲ. ಈ ಹಿರಿಯರ ಹಬ್ಬಕ್ಕೆ ಅದನ್ನು ತಾತನ ಫೋಟೋದ ಪಕ್ಕ ಇಡುತ್ತೇನೆ. ಜವರಮ್ಮನ ಮನೆಗೆ ನಾನೇ ಹೋಗಿ ಕರೆಯುತ್ತೇನೆ. ಅವಳು ನನ್ನ ಮುಖಕ್ಕೆ ಮಣ್ಣು ತೂರಿದರೆ ಒರೆಸಿಕೊಳ್ಳುವುದಿಲ್ಲ.

ನಿಮ್ಮಪ್ಪ ಆ ಕಥೆ ಶುರುಮಾಡುವ ಮೊದಲು, ಚೇತು, ಈ ಕಾಗದವನ್ನು ನೀನು ಎಲ್ಲರಿಗೂ ಗಟ್ಟಿಯಾಗಿ ಓದು. ನಾನು ಮೂಲೆಗೆ ಸರಿಯುವುದಿಲ್ಲ, ನಡುಮನೆಯಲ್ಲೇ ಕೂರುತ್ತೇನೆ. ತಾತನ ಮಾತು ಬಂದಾಗ ಸ್ವಲ್ಪ ನಗುತ್ತಾ ಓದು, ಅವರು ನಗುತ್ತಲೇ ಹೇಳಿದ್ದು. 'ಇಲ್ಲೇ ತಾನೆ' ಎನ್ನುವುದು ಬಂದಾಗ ನಿಲ್ಲಿಸಿ, ಅದು ಯಾರ ಮಾತು ಎಂದು ಹೇಳು. ಅಜ್ಜಿ ಎನ್ನಬೇಡ. ನಿಂಗಮ್ಮ ಎಂದು ಹೆಸರು ಹಿಡಿದು ಹೇಳು.